ಏಳು ಅಡಿಯ ಬಟ್ಟೆ, ಆರು ಅಡಿಯ ಮೇಜು

ಮಾಘ ಮಾಸದ ಒಂದು ಶನಿವಾರ, ಮಧ್ಯಾಹ್ನ ಹನ್ನೆರಡು ಗಂಟೆ. ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ಊಟದ ಕೋಣೆ. ಇದ್ದವರು ನಾನು, ನನ್ನ ಯಜಮಾನರು, ಸೊಸೆ. ಮಗ ಹರಿಹರದ ಕಾರ್ಖಾನೆಯಲ್ಲಿ ಪಾಳಿಯ ಮೇಲಿದ್ದ. ಆಸ್ಪತ್ರೆಯ ವಾರ್ಡಿನಲ್ಲಿ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು ನಾನು. ಏನು ಬರೆಯಲು ಕೂತರೂ ಮೊದಲು ದಿನ, ಹೊತ್ತು, ಜಾಗ, ಇದ್ದವರು ಎಂದು ಬರೆಯುವ ಅಭ್ಯಾಸ ಇನ್ನೂ ಹೋಗಿಲ್ಲ.

ಮರುದಿನ ಹರಿಹರದಿಂದ ಬೀಗರು, ಅಂದರೆ ಸೊಸೆಯ ತಂದೆತಾಯಿ, ಊಟಕ್ಕೆ ಬರುವವರಿದ್ದರು. ಯಜಮಾನರಿಗೆ ಲಕ್ವ ಹೊಡೆದು ಎಡಗೈ ಸ್ವಾಧೀನ ತಪ್ಪಿದ ಮೇಲೆ ಬೀಗರ ಜತೆ ಅದೇ ಮೊದಲ ಊಟ. ಅದಕ್ಕೆಂದೇ ಸೊಸೆ ಮಂಡಿಪೇಟೆಯಿಂದ ಟೇಬಲ್ ರನ್ನರ್ ತಂದಿದ್ದಳು. ಮೇಜಿನ ನಡುವೆ ಉದ್ದಕ್ಕೆ ಹಾಸುವ ಪಟ್ಟಿಬಟ್ಟೆ ಅದು. ಇಟ್ಟಿಗೆಯ ಬಣ್ಣ, ಎರಡೂ ತುದಿಗೆ ಗೊಂಡೆ. ಮೇಜು ಆರು ಅಡಿ, ಬಟ್ಟೆ ಏಳು ಅಡಿ.

"ಎರಡೂ ಕಡೆ ಅರ್ಧ ಅಡಿ ಇಳೀಬೇಕಂತ್ರೀ ಅತ್ತೆ. ಫೋನ್‌ನಾಗೆ ನೋಡೇ ತಂದೀನಿ," ಎಂದಳು.

ಟೇಪು ಹಿಡಿದು ನೋಡಿದೆ. ಅವಳ ಲೆಕ್ಕ ಸರಿಯಾಗಿತ್ತು. ಬಟ್ಟೆ ಹಾಸಿ ಊಟಕ್ಕೆ ಕೂತೆವು. ಯಜಮಾನರದು ಮೇಜಿನ ತಲೆಯ ಕುರ್ಚಿ, ಅಂದರೆ ಉದ್ದದ ತುದಿಯದು. ಮೇಜಿನ ಒಂದು ಬದಿ ಗೋಡೆಗೆ ತಾಗಿದೆ, ಇನ್ನೊಂದು ಬದಿಯಲ್ಲಿ ಅವರ ತೋಳಿನ ಕುರ್ಚಿ ಒಳಗೆ ಹೋಗುವುದಿಲ್ಲ. ಹಾಗಾಗಿ ಅವರಿಗೆ ಬೇರೆ ಜಾಗವಿಲ್ಲ.

ಅವರ ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಏನಾದರೂ ತಾಗಿದರೆ ಮಾತ್ರ ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬೆರಳುಗಳನ್ನು ಒಂದೊಂದಾಗಿ ನಾನೇ ಬಿಡಿಸಬೇಕು. ಇಳಿಬಿದ್ದ ತುದಿ ನೇರ ಅವರ ತೊಡೆಗೆ ಬಂದಿತ್ತು. ಎರಡು ತುತ್ತು ಉಂಡು ಅವರು ಹಿಂದಕ್ಕೆ ಒರಗಿದರು. ಎಡಗೈಗೆ ಸಿಕ್ಕಿದ್ದ ಬಟ್ಟೆಯೂ ಜತೆಗೆ ಹೋಯಿತು, ಅದರ ಮೇಲಿದ್ದ ತಟ್ಟೆ, ಸಾರಿನ ಬಟ್ಟಲು ಎಲ್ಲ ಮಡಿಲಿಗೆ ಬಂದವು.

ಪುಣ್ಯಕ್ಕೆ ಸಾರು ಆರಿತ್ತು. ಬೆರಳು ಬಿಡಿಸಿ, ಪಂಚೆ ಬದಲಿಸಿ, ನೆಲ ಒರೆಸಿದೆ. ಅವರು ಗೋಡೆಯ ಕಡೆ ನೋಡುತ್ತ, "ನಾಳೆ ನನಗೆ ಒಳಗೇ ತಟ್ಟೆ ಕೊಟ್ಬಿಡು. ಬೀಗರ ಮುಂದೆ ಇದು ಬ್ಯಾಡ," ಎಂದರು.

ಹೂಂ ಅಂದುಬಿಡೋಣ ಎನಿಸಿತು. ಮಂಚದ ಮೇಲೆ ಟವೆಲು ಹಾಸಿ ಉಣ್ಣಿಸುವುದು ನನಗೂ ಸುಲಭ. ಎತ್ತಿ ಕೂಡಿಸಿ, ನಡೆಸಿ ಸೊಂಟ ಸೋತಿತ್ತು. ಆದರೆ ವಾರ್ಡಿನಲ್ಲಿ ನೋಡಿದ್ದೇನೆ: ನಾಚಿಕೆಯಿಂದ ಮಂಚಕ್ಕೆ ತಟ್ಟೆ ತರಿಸಿಕೊಂಡವರು ಮತ್ತೆ ನಾಲ್ಕು ಜನರ ನಡುವೆ ಉಣ್ಣಲು ಬರುವುದು ಬಹಳ ಕಷ್ಟ. ನಾಳೆ ಒಳಗೆ ಕೂತರೆ ಇವರು ಒಳಗೇ ಉಳಿದುಬಿಡುತ್ತಾರೆ.

"ಬಿಡ್ರಿ ಮಾವ, ಇದನ್ನ ತೆಗೆದೇ ಬಿಡ್ತೀನಿ," ಎಂದಳು ಸೊಸೆ.

"ತೆಗಿ. ಕಾಲೊರಸು ತೆಗೆದ್ರಿ, ಟೀಪಾಯಿ ತೆಗೆದ್ರಿ, ಬಾಗಿಲ ಪರದೆ ತೆಗೆದ್ರಿ. ಇದೊಂದು ಯಾಕ ಉಳಿಸ್ತೀರಿ? ಮನೆಯಾಗೆ ತೆಗೆಯಾಕೆ ಇನ್ನ ನಾನೊಬ್ಬ ಉಳಿದೀನಿ."

ಸೊಸೆಯ ಕಣ್ಣು ತುಂಬಿತು. ಮಜ್ಜಿಗೆ ತಾ ಎಂದು ಅವಳನ್ನು ಅಡುಗೆಮನೆಗೆ ಕಳಿಸಿದೆ. ಅವರು ಎಡವಬಾರದೆಂದು ನಾವು ಸದ್ದಿಲ್ಲದೆ ಸರಿಸಿದ್ದನ್ನೆಲ್ಲ ಅವರು ಕೂತಲ್ಲೇ ಗಮನಿಸಿದ್ದರು. ಇನ್ನು ಈ ಬಟ್ಟೆ ತೆಗೆಯುವಂತಿಲ್ಲ. ಅವರನ್ನು ಮೇಜಿನಿಂದ ಏಳಿಸುವಂತೆಯೂ ಇಲ್ಲ.

ಸಾರಿನ ಕಲೆ ಒಗೆದು ಬಟ್ಟೆಯನ್ನು ಬಿಸಿಲಿಗೆ ಹಾಕಿದೆ. ಒಣಗಿದ ಮೇಲೆ ಟೇಪು, ಕತ್ತರಿ, ಸೂಜಿದಾರ ತಂದು, ಅವರನ್ನೂ ಕರೆದು ಅವರ ಕುರ್ಚಿಯಲ್ಲೇ ಕೂಡಿಸಿದೆ. ಮೇಜಿನ ಎರಡು ತಲೆಗೂ ಒಂದೊಂದು ಖಾಲಿ ತಟ್ಟೆ ಇಟ್ಟು, ತಟ್ಟೆಯಿಂದ ತಟ್ಟೆಗೆ ಅಳೆದೆ. ನಾಲ್ಕು ಅಡಿ ಬಂತು.

ಸೊಸೆ ನನ್ನ ಕಿವಿಯ ಹತ್ತಿರ ಬಂದು, "ಮಾವನ ಕಡೆ ಅಷ್ಟೇ ಕತ್ತರಿಸಿದ್ರೆ ಸಾಕಲ್ರೀ?" ಎಂದಳು.

"ಎರಡೂ ಕಡೆ," ಎಂದೆ, ಅವರಿಗೂ ಕೇಳುವಂತೆ. "ತಲೆಗೆ ಯಾರೂ ಕೂಡದ ಮೇಜಾದ್ರೆ ಇಳಿಬಿಡಬಹುದು. ನಾಳೆ ಈ ತಲೆಗೆ ಇವರು, ಆ ತಲೆಗೆ ನಿಮ್ಮವ್ವ. ಗೊಂಡೆ ನಿಮ್ಮವ್ವನ ಸೀರೆಗೂ ಸಿಕ್ಕೊಂತೈತೆ. ಬಟ್ಟೆ ತಟ್ಟೆ ಮುಟ್ಟದಂಗೆ ನಿಲ್ಲಬೇಕು. ನಮ್ಮ ಮೇಜಿಗೆ ಇದೇ ಅಳತೆ."

ಹೊಸ ಬಟ್ಟೆಗೆ ಕತ್ತರಿ ಹಾಕುವಾಗ ಅವಳು ಮುಖ ತಿರುಗಿಸಿದಳು. ಆಮೇಲೆ ತಾನೇ ಒಂದು ತುದಿ ಹಿಡಿದು ಮಡಚಿ ಹೊಲಿಯತೊಡಗಿದಳು. ಕತ್ತರಿಸಿದ ತುಂಡುಗಳಿಂದ ಗೊಂಡೆ ಬಿಚ್ಚಿ ಹೊಸ ಅಂಚಿಗೆ ಒಂದೊಂದಾಗಿ ಕೂರಿಸಿದಳು. ಯಜಮಾನರು ಕೂತಲ್ಲಿಂದ ನೋಡುತ್ತಿದ್ದರು. ಇಸ್ತ್ರಿ ಮಾಡಿ ಹಾಸಿದ ಮೇಲೆ ಬಾಯಿಬಿಟ್ಟರು.

"ಮಧ್ಯಾಹ್ನ ಮೇಜಿಗೆ ದೋತ್ರ ಉಡಿಸಿದ್ರಿ, ಈಗ ಚಡ್ಡಿ ಹಾಕಿದ್ರಿ."

ಸೊಸೆ ನಕ್ಕುಬಿಟ್ಟಳು. ನನಗೆ ನಗುವಷ್ಟು ತ್ರಾಣ ಇರಲಿಲ್ಲ.

ಸಂಜೆ ಊಟಕ್ಕೆ ಅದೇ ಮೇಜಿಗೆ ಕೂತೆವು. ಸೊಸೆ ಅವರ ತಟ್ಟೆಗೆ ರೊಟ್ಟಿ ಮುರಿದು ಹಾಕಿದಳು. ತಟ್ಟೆ ಬರಿಯ ಮರದ ಮೇಲಿತ್ತು, ಬಟ್ಟೆ ಅದರಾಚೆ ಶುರುವಾಗುತ್ತಿತ್ತು. ಎಡಗೈ ತೊಡೆಯ ಮೇಲೆ ಬಿದ್ದಿತ್ತು. ಹಿಡಿಯಲು ಅದಕ್ಕೆ ಏನೂ ಸಿಗಲಿಲ್ಲ. ಅರ್ಧ ರೊಟ್ಟಿ ಆದ ಮೇಲೆ ಅವರು ತಲೆಯೆತ್ತಿದರು.

"ನಾಳೆ ಬೀಗರನ್ನ ನನ್ನ ಬಲಕ್ಕೆ ಕೂಡ್ಸು."

"ಯಾಕ್ರಿ?"

"ಅವರ ತಟ್ಟೆಯಾಗಿನ ಹೋಳಿಗೆ ಎತ್ತಾಕೆ ನನಗೆ ಒಂದು ಕೈ ಸಾಕು."

ಹೋಳಿಗೆ ಮಾಡುವ ಯೋಚನೆ ನನಗಿರಲಿಲ್ಲ. ಅನ್ನ, ಸಾರು, ಒಂದು ಪಾಯಸದಲ್ಲಿ ಮುಗಿಸೋಣ ಎಂದುಕೊಂಡಿದ್ದೆ. ಅವರನ್ನು ಮಲಗಿಸಿ ಬಂದು ಕಡಲೆಬೇಳೆ ಆರಿಸಿಟ್ಟೆ, ಬೆಲ್ಲ ಜಜ್ಜಿ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದೆ.