ಇಚಿಕಾವಾದಲ್ಲಿ ನಾನು ಕಟ್ಟಿದ ಹಡಗು

ಜಪಾನಿನ ಇಚಿಕಾವಾಕ್ಕೆ ಬಂದ ಹೊಸತರಲ್ಲಿ ಅಲ್ಲಿನ ಕನ್ನಡಿಗರು ನನ್ನನ್ನು ಇಂಗ್ಲಿಷಿನಲ್ಲೇ ಮಾತಾಡಿಸುತ್ತಿದ್ದರು. ನಾನು ಕನ್ನಡದಲ್ಲಿ ಉತ್ತರಿಸಿದರೆ, "ಅಯ್ಯೋ, ಎಷ್ಟು ಚೆನ್ನಾಗಿ ಕಲ್ತಿದೀರಾ!" ಎಂದು ಬೆರಗಾಗುತ್ತಿದ್ದರು. ನಾನು ಯಲ್ಲಾಪುರದ ಕಡೆಯ ಸಿದ್ದಿ. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದು ಶತಮಾನಗಳೇ ಕಳೆದಿವೆ. ಒಂದು ಭಾಷೆ ಕಲಿಯಲು ಅಷ್ಟು ಸಮಯ ಸಾಲುತ್ತದೆ.

ರಾಜ್ಯೋತ್ಸವಕ್ಕೆ ಮುಂಚೆ ಕಾರ್ಯಕ್ರಮದ ಉಸ್ತುವಾರಿ ಹೊತ್ತಿದ್ದ ಬೆಂಗಳೂರಿನ ಇಂಜಿನಿಯರ್ ಫೋನ್ ಮಾಡಿದರು.

"ಮೇಡಂ, ಈ ಸಲ ನಿಮ್ಮ ರೂಟ್ಸ್ ಬಗ್ಗೆ ಮಾತಾಡಿ. ಹಡಗು, ಸರಪಳಿ ಎಲ್ಲಾ ಇರ್ಲಿ. ಸ್ವಲ್ಪ ಇಮೋಷನಲ್ ಆಗಿದ್ರೆ ಚೆನ್ನಾಗಿರತ್ತೆ. ಹತ್ತೇ ನಿಮಿಷ, ಆಮೇಲೆ ಬಿಸಿಬೇಳೆಬಾತ್."

ತೊಂದರೆಯೆಂದರೆ, ನಮ್ಮ ಮನೆಯಲ್ಲಿ ಹಡಗಿನ ಕತೆಯೇ ಇರಲಿಲ್ಲ. ಯಾರು ಬಂದರು, ಯಾವ ಬಂದರಿನಲ್ಲಿ ಇಳಿದರು, ಯಾರಿಗೂ ನೆನಪಿಲ್ಲ. ಆದರೆ ಕೇಳುವವರ ಆಸೆಗೆ ತಣ್ಣೀರೆರಚುವುದು ಹೇಗೆ? ನಾನೇ ಒಂದು ಹಡಗು ಕಟ್ಟಿದೆ. ಬಿರುಗಾಳಿ ಎಬ್ಬಿಸಿದೆ. ಸರಪಳಿ ಬಿಗಿದ ಹುಡುಗಿಯೊಬ್ಬಳು ತಾಯಿ ಕೊಟ್ಟ ಮಣಿಯನ್ನು ಮುಷ್ಟಿಯಲ್ಲಿ ಹಿಡಿದು ಗೋವಾದ ಹತ್ತಿರ ಸಮುದ್ರಕ್ಕೆ ಹಾರಿ ಈಜಿ ದಡ ಸೇರಿದಳು. ಸರಪಳಿ ಸಮೇತ ಹೇಗೆ ಈಜಿದಳು ಎಂದು ಇಂಜಿನಿಯರುಗಳೇ ತುಂಬಿದ್ದ ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಅತ್ತರು. ಉಸ್ತುವಾರಿಯವರು ಕಣ್ಣೊರೆಸಿಕೊಂಡು, "ಪೋರ್ಚುಗೀಸರು ಎಂಥಾ ಕಟುಕರು ಮೇಡಂ!" ಎಂದರು. ಬಾತ್ ಎರಡು ಸಲ ಬಡಿಸಿದರು.

ಹತ್ತು ವರ್ಷದ ನನ್ನ ಮಗಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಮನೆತನದ ಬಗ್ಗೆ ಬರೆಯಲು ಶಾಲೆಯಲ್ಲಿ ಹೇಳಿದಾಗ ಅದನ್ನೇ ಚಿತ್ರಸಮೇತ ಬರೆದುಕೊಟ್ಟಳು. ಅವಳ ಟೀಚರ್ ಚೀಟಿ ಕಳಿಸಿದರು. ಮೊದಲು 'ಸುಮಿಮಾಸೆನ್' ಎಂಬ ಕ್ಷಮೆ, ನಂತರ ಮೆಚ್ಚುಗೆ, ಕೊನೆಯಲ್ಲಿ ಅತಿ ವಿನಯದಿಂದ ಒಂದು ಪ್ರಶ್ನೆ: ಈ ಕತೆ ಯಾರು ಹೇಳಿದ್ದು ಎಂದು ಸೇರಿಸಬಹುದೇ?

ಬೇರೆ ದಾರಿ ಕಾಣದೆ ಭಾನುವಾರ ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. ಮಗಳೂ ಪಕ್ಕದಲ್ಲಿ ಕೂತಳು.

"ಹಡಗಾ?" ಅವ್ವ ನಕ್ಕಳು. "ಅದೆಲ್ಲ ನಂಗೊತ್ತಿಲ್ಲ ಮಗಾ. ನಂಗೊತ್ತಿರೋದು ನನ್ನ ಅವ್ವನ ಕತೆ. ನಮ್ಮೋರು ದುಡೀತಿದ್ದ ಒಡೆಯರ ಮನೆ ಮಗಳ ಮದುವೇಲಿ ಪೆಟ್ಟಿಗೆ ಕೊಟ್ರು, ಎರಡು ಎಮ್ಮೆ ಕೊಟ್ರು, ಜೊತೆಗೆ ಅವಳನ್ನೂ ಕೊಟ್ರು. ಹಾಲುಹಲ್ಲು ಬೀಳೋ ವಯಸ್ಸು."

"ಆಮೇಲೆ ಮನೆಗೆ ಬರ್ಲೇ ಇಲ್ವಾ?" ಎಂದೆ.

"ಬಂದ್ಲು, ದೊಡ್ಡೋಳಾದ ಮೇಲೆ. ಅವಳ ಅವ್ವ ಗುರುತು ಹಿಡೀಲಿಲ್ಲ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅವ್ವ?"

"ನೀ ಕೇಳ್ಲಿಲ್ಲ."

ಸಮುದ್ರದಾಚೆ ಹಿರಿಯರನ್ನು ಹುಡುಕಿಹೋದ ನನಗೆ ಬಲು ನಾಚಿಕೆಯಾಯಿತು. ಮಗಳು, "ಮಮ್ಮಾ, ದೆನ್ ದ ಶಿಪ್ ಈಸ್ ಎ ಲೈ?" ಎಂದಳು. ಹೌದೆಂದೆ. ಒಳ್ಳೆಯ ಚಿತ್ರ ಹಾಳಾಯಿತೆಂದು ಗೊಣಗುತ್ತಲೇ ಹೊಸ ಹಾಳೆಯಲ್ಲಿ ಎಮ್ಮೆ ಬಿಡಿಸಿದಳು. ಕೆಳಗೆ ಜಪಾನಿಯಲ್ಲಿ 'ಹೇಳಿದವರು: ಅಜ್ಜಿ' ಎಂದು ಬರೆದಳು.

ಯುಗಾದಿಗೆ ಉಸ್ತುವಾರಿಯವರು ಮತ್ತೆ ಕರೆದರು. ಹೊಸ ಕುಟುಂಬಗಳು ಬಂದಿದ್ದವಂತೆ. ಅದೇ ಕತೆ ಬೇಕಂತೆ. ನಾನು ಮದುವೆಯಲ್ಲಿ ಎಮ್ಮೆಗಳ ಜೊತೆ ಕೊಟ್ಟ ಹುಡುಗಿಯ ಕತೆ ಹೇಳಿದೆ. ಈ ಸಲ ಯಾರೂ ಅಳಲಿಲ್ಲ. ಹಲವರಿಗೆ ಏಕಾಏಕಿ ಕೆಮ್ಮು ಬಂತು. "ಆ ಕಾಲದಲ್ಲಿ ಅಂಥವರನ್ನ ಮನೆಮಗಳ ಥರಾನೇ ನೋಡ್ಕೋತಿದ್ರು ಬಿಡಿ," ಎಂದರು ಒಬ್ಬರು. ಮನೆಮಗಳಿಗೆ ಕೊಟ್ಟ ಸಾಮಾನಿನ ಪಟ್ಟಿಯಲ್ಲಿ ಆ ಇನ್ನೊಬ್ಬ ಮನೆಮಗಳೂ ಇದ್ದಳೆಂದು ಆಗಷ್ಟೇ ಹೇಳಿದ್ದೆ. ಉಸ್ತುವಾರಿಯವರು ಪಕ್ಕಕ್ಕೆ ಕರೆದು ಬೇಸರದಿಂದ ಹೇಳಿದರು: "ಇದು ಅಷ್ಟು ಆಥೆಂಟಿಕ್ ಅನ್ಸ್ಲಿಲ್ಲ ಮೇಡಂ. ಹಡಗಿಂದೇ ನಿಜ ಅನ್ಸೋದು."

ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಿದ್ದಾಗ, ಮಗನ ಮನೆಗೆ ಬಂದಿದ್ದ ಶಿರಸಿ ಕಡೆಯ ಹಿರಿಯರೊಬ್ಬರು ನನ್ನ ಪಕ್ಕ ಕೂತರು.

"ನಮ್ಮ ಮನೇಲೂ ಒಬ್ಳಿದ್ಲು," ಎಂದರು ಮೆಲ್ಲಗೆ. "ನನ್ನ ಎತ್ತಿ ಆಡಿಸ್ದೋಳು. ಒಂದಿನ ಕಾಣ್ಲಿಲ್ಲ. ಎಲ್ಲಿ ಹೋದ್ಲು ಅಂತ ನಾವ್ಯಾರೂ ಕೇಳ್ಲೇ ಇಲ್ಲ ನೋಡಿ."

ಚುಚ್ಚುಮಾತು ನಾಲಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಮೊಣಕಾಲು ನೋವಿನ ಅವರ ಕೈಹಿಡಿದು ಸ್ಟೇಷನ್ನಿನವರೆಗೆ ನಿಧಾನವಾಗಿ ನಡೆದೆ. ದಾರಿಯುದ್ದಕ್ಕೂ ಅವರು ಅವಳ ಬಗ್ಗೆ ಹೇಳುತ್ತಲೇ ಇದ್ದರು.