ಅವ್ವನ ‘ಬ್ಯಾಡ’ ಮತ್ತು ನನ್ನ ಶನಿವಾರಗಳು

ಲಕ್ವಾ ಹೊಡೆದ ಮೇಲೆ ಅವ್ವನ ಬಾಯಲ್ಲಿ ಉಳಿದದ್ದು ಒಂದೇ ಒಂದು ಮಾತು: ‘ಬ್ಯಾಡ’. ನೀರು ಬೇಕಾದರೂ ಬ್ಯಾಡ, ಸಾಕಾದರೂ ಬ್ಯಾಡ. ಅಪ್ಪನನ್ನು ಕರೆಯುವುದಕ್ಕೂ ಅದೇ, ಬಿಸಿಲು ಕಣ್ಣಿಗೆ ಬೀಳುತ್ತಿದೆ ಎನ್ನುವುದಕ್ಕೂ ಅದೇ. ಆಕೆಗೆ ಒಳಗೆ ಎಲ್ಲ ತಿಳಿಯುತ್ತದೆ, ಮಾತು ಹೊರಗೆ ಬರುವ ದಾರಿ ಮಾತ್ರ ಮುಚ್ಚಿದೆ ಎಂದು ಧಾರವಾಡದ ಡಾಕ್ಟರು ಹೇಳಿ ಕಳಿಸಿದ್ದರು. ನಾನಾಗ ಒಂಬತ್ತನೆಯ ತರಗತಿಯಲ್ಲಿದ್ದೆ. ಮನೆಯಲ್ಲಿ ನಾವು ಮೂವರೇ.

ನಮ್ಮೂರು ಉಗರಗೋಳ. ಅಪ್ಪನದು ಎಲ್ಲಮ್ಮನ ಗುಡ್ಡದ ಮೇಲೆ ಒಂದು ಸಣ್ಣ ಅಂಗಡಿ. ಕಾಯಿ, ಕರ್ಪೂರ, ಕುಂಕುಮ, ಭಂಡಾರ. ಆ ಅರಿಶಿನದ ಭಂಡಾರವನ್ನು ಪಾಕೀಟುಗಳಿಗೆ ತುಂಬುವ ಕೆಲಸ ಅವ್ವನದು. ಅವತ್ತು ಹಾಗೆ ತುಂಬುತ್ತ ಕೂತಿದ್ದಾಗಲೇ ಬಲಗೈಯಿಂದ ಚಮಚ ಜಾರಿತು, ಹಿಂದೆಯೇ ಅವಳೂ ಜಾರಿದಳು. ನಾನು ಸಾಲೆಯಿಂದ ಬಂದು ನೋಡಿದಾಗ ಅವಳ ಕೂದಲು, ಅರ್ಧ ಮುಖ, ಸೀರೆ ಎಲ್ಲ ಹಳದಿ. ಕಿಟಕಿಯ ಬಿಸಿಲಿನಲ್ಲಿ ಅರಿಶಿನದ ಪುಡಿ ಇನ್ನೂ ತೇಲುತ್ತಿತ್ತು. ನನಗೆ ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಬೆರಗು, ಅವ್ವ ಎಷ್ಟು ಚಂದ ಕಾಣುತ್ತಿದ್ದಾಳಲ್ಲ ಎಂದು. ಇದನ್ನು ನಾನು ಬಹಳ ವರ್ಷ ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಮನೆ ನನ್ನ ಕೈಗೆ ಬಂತು. ಯಾರೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ಬೆಳಿಗ್ಗೆ ಎದ್ದು ಅವ್ವನ ಮೈ ಒರೆಸುವುದು, ಬಟ್ಟೆ ಬದಲಿಸುವುದು, ತಲೆ ಬಾಚಿ ಜಡೆ ಹಾಕುವುದು, ಗಂಜಿ ಉಣಿಸುವುದು. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಗುಡ್ಡಕ್ಕೆ ಜನ ಬಹಳ. ಅಪ್ಪ ಕತ್ತಲಿರುವಾಗಲೇ ಅಂಗಡಿಗೆ ಹೋಗಬೇಕು. ಆ ದಿನ ನಾನು ಸವದತ್ತಿಯ ಸಾಲೆಗೆ ಹೋಗುತ್ತಿರಲಿಲ್ಲ. ಉಳಿದ ದಿನ ಮಗ್ಗಲ ಮನೆಯ ಚಾಚಿ ಆಗಾಗ ಇಣುಕಿ ನೋಡುತ್ತಿದ್ದರು. ಅವರ ಗಂಡ ಟೆಂಪೋ ಓಡಿಸುತ್ತಿದ್ದರು.

ನನಗೆ ಒಂದು ಹೆಮ್ಮೆಯೂ ಇತ್ತು. ಅವ್ವನ ‘ಬ್ಯಾಡ’ಗಳಲ್ಲಿ ಯಾವುದು ಯಾವ ಅರ್ಥದ್ದು ಎಂದು ನನಗೊಬ್ಬಳಿಗೇ ತಿಳಿಯುತ್ತಿತ್ತು. ಎಳೆದು ಅಂದರೆ ನೀರು. ಕತ್ತರಿಸಿ ಅಂದರೆ ಹೊರಗೆ ಕರೆದುಕೊಂಡು ಹೋಗು. ಉಸಿರಿನಲ್ಲೇ ಅಂದರೆ ಕಾಲು ನೋಯುತ್ತಿದೆ. ನೋಡಲು ಬಂದವರು ಏನಾದರೂ ಕೇಳಿದರೆ ಅವ್ವ ‘ಬ್ಯಾಡ’ ಅನ್ನುವಳು, ನಾನು ಅದನ್ನು ದೊಡ್ಡವರ ಮಾತಾಗಿ ಮಾಡಿ ಹೇಳುವೆ. “ಈ ಹುಡುಗಿ ಇರೂದ್ರಿಂದ ಆಕಿ ಉಳದಾಳ” ಎಂದು ಅವರು ನನ್ನ ತಲೆ ನೇವರಿಸಿ ಹೋಗುವರು.

ಆ ದಿನಗಳು ಈಗ ನೆನಪಿಗೆ ಬರುವುದು ನೀರಿನೊಳಗೆ ಕಣ್ಣು ಬಿಟ್ಟು ನೋಡಿದ ಹಾಗೆ. ಬಸ್ಸಿನಲ್ಲಿ ಕಂಬ ಹಿಡಿದು ನಿಂತೇ ನಿದ್ದೆ ಮಾಡುತ್ತಿದ್ದೆ. ತರಗತಿಯಲ್ಲಿ ಕರಿಹಲಗೆಯ ಮೇಲಿನ ಅಕ್ಷರಗಳು ಇರುವೆಗಳಂತೆ ಸರಿದು ಗೋಡೆ ಹತ್ತುತ್ತಿದ್ದವು. ಗಣಿತ ಕಲಿಸುವ ಅಕ್ಕೋರ ದನಿ ಎಲ್ಲೋ ಹೊಲದಾಚೆಯಿಂದ ಕೇಳಿದಂತೆ ಕೇಳುತ್ತಿತ್ತು. ಅವರು ಆ ವರ್ಷವೇ ರಾಮದುರ್ಗದ ಕಡೆಯಿಂದ ವರ್ಗವಾಗಿ ಬಂದಿದ್ದರು. ನಡುವಯಸ್ಸಿನವರು, ಒಬ್ಬರೇ ಸವದತ್ತಿಯಲ್ಲಿ ಬಾಡಿಗೆ ಮನೆಯಲ್ಲಿದ್ದರು.

ಒಂದು ದಿನ ಅವರು ಹಾಜರಿ ಪುಸ್ತಕ ಹಿಡಿದು ನನ್ನನ್ನು ವರಾಂಡಕ್ಕೆ ಕರೆದರು.

“ಮಂಗಳವಾರ ಇಲ್ಲ, ಶುಕ್ರವಾರ ಇಲ್ಲ. ಹ್ವಾದ ತಿಂಗಳ ಹುಣ್ಣಿವಿ ಬುಧವಾರ ಬಿತ್ತು, ಅವತ್ತೂ ಇಲ್ಲ. ಏನವಾ, ಮೈಮ್ಯಾಲೆ ದೇವರು ಬರತೈತೇನ ನಿನಗ?”

ನನಗೆ ನಗು ಬಂತು. ನಗುತ್ತಲೇ “ಇಲ್ರಿ ಅಕ್ಕೋರ, ಅಂಗಡಿ...” ಅಂದೆ. ಅವರು ಅವಸರ ಮಾಡಲಿಲ್ಲ. ಹಾಜರಿ ಪುಸ್ತಕವನ್ನು ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ತಾವೂ ಕೂತರು. ನಾನು ಎಲ್ಲ ಹೇಳಿದೆ.

ಆ ಶನಿವಾರ ಬೆಳಗಿನ ಸಾಲೆ ಬಿಟ್ಟ ಮೇಲೆ ಅವರು ನನ್ನ ಜೊತೆಗೇ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಅವ್ವನ ಹಾಸಿಗೆಯ ಪಕ್ಕದಲ್ಲಿ ಕೂತು, ನನ್ನ ಕಡೆ ನೋಡದೆ ಅವಳ ಹತ್ತಿರವೇ ಮಾತಾಡಿದರು.

“ಅಕ್ಕಾ, ನನ್ನ ತಮ್ಮಗ ಫಿಟ್ಸ್ ಬರತಿದ್ವು. ಸಣ್ಣಾಕಿದ್ದಾಗಿಂದ ನಾನ ಅವನ ಕಾವಲಾ. ಬಾವಿಗೆ ನೀರಿಗೆ ಹ್ವಾದ್ರೂ ಅಂವಾ ಸಂಗಾಟ, ಗೆಳತೇರ ಜೋಡಿ ಆಡಾಕ ಹ್ವಾದ್ರೂ ಅಂವಾ ಸಂಗಾಟ. ಅಂವಾ ಹೋಗಿ ಭಾಳ ವರ್ಷ ಆತು. ಇವತ್ತಿಗೂ ರಸ್ತೆದಾಗ ಒಬ್ಬಾಕಿನ ನಡೀವಾಗ ಬಲಗೈ ತಾನ ಯಾರನ್ನೋ ಹಿಡಕೊಳ್ಳಾಕ ಹೋಗತೈತಿ.”

ಅವ್ವ ಅವರನ್ನೇ ನೋಡುತ್ತಿದ್ದಳು.

“ಶನಿವಾರ ಮಧ್ಯಾಹ್ನ ಎರಡ ತಾಸು ನಾ ನಿಮ್ಮ ಜೋಡಿ ಕುಂದರತೇನಿ. ಈಕಿ ಹೊರಗ ಹೋಗ್ಲಿ. ಆಗಬಹುದಾ?”

“ಬ್ಯಾಡ,” ಅಂದಳು ಅವ್ವ. ಮತ್ತೆ ನನ್ನ ಕಡೆ ತಿರುಗಿ, ಜೋರಾಗಿ, “ಬ್ಯಾಡ! ಬ್ಯಾಡ!”

“ಬ್ಯಾಡ ಅಂತಾಳ್ರಿ,” ಎಂದು ನಾನು ಅರ್ಥ ಹೇಳಿದೆ. ಒಳಗೊಳಗೇ ಖುಷಿಯಾಗಿತ್ತು, ನಾನಿಲ್ಲದೆ ಅವಳಿಗೆ ಆಗುವುದಿಲ್ಲ ಎಂದು.

ಅಕ್ಕೋರು ಅವ್ವನ ಮುಖವನ್ನೂ ನನ್ನ ಮುಖವನ್ನೂ ಒಂದು ಕ್ಷಣ ನೋಡಿ, “ಹೋಗಿ ಬಾ,” ಅಂದರು.

ಮೊದಲ ಶನಿವಾರ ನಾನು ಎಲ್ಲಿಗೂ ಹೋಗಲಿಲ್ಲ. ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು ನಮ್ಮ ಮನೆಯ ಬಾಗಿಲನ್ನೇ ಕಾದೆ. ಅವ್ವ ಕರೆಯಬಹುದು, ಅಕ್ಕೋರಿಗೆ ತಿಳಿಯದೆ ಹೋಗಬಹುದು. ಕರೆ ಬರಲಿಲ್ಲ. ಎರಡನೆಯ ಶನಿವಾರ ಗುಡ್ಡದ ಕಾಲುದಾರಿ ಹಿಡಿದು ಒಂದು ಹಾಸುಬಂಡೆಯವರೆಗೆ ಹೋದೆ. ಅಲ್ಲಿಂದ ದೂರದಲ್ಲಿ ಮಲಪ್ರಭೆಯ ಹಿನ್ನೀರು ಕಾಣುತ್ತದೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ಹೇಳಲು ಬಾರದಂಥ ಬಿಳಿಚು ಬೆಳಕು. ಬಂಡೆ ಬಿಸಿಲಿಗೆ ಕಾದು ಬೆಚ್ಚಗಿತ್ತು. ಕೆನ್ನೆ ಇಟ್ಟೆ, ಅಷ್ಟೇ ಗೊತ್ತು. ನಿದ್ದೆಯಲ್ಲಿ ನಾನು ಆ ನೀರಿನ ಮೇಲೆ ಮಲಗಿದ್ದೆ, ನನ್ನ ಕೈಕಾಲುಗಳಿಗೆ ತೂಕವೇ ಇರಲಿಲ್ಲ, ಯಾರೂ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಎಚ್ಚರವಾದಾಗ ನಾನು ಯಾರು ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಸ್ವಲ್ಪ ಹೊತ್ತಿನಷ್ಟು ಸುಖವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಹೀಗೆ ಕೆಲವು ವಾರ ಕಳೆದವು. ಆಮೇಲೆ ಒಂದು ಶನಿವಾರ, ಅಪ್ಪನ ಅಂಗಡಿ ಕಾಣದ ಮಗ್ಗುಲಿನಿಂದ ಗುಡ್ಡದ ಬಸ್ ನಿಲ್ದಾಣಕ್ಕೆ ಹೋದೆ. ಬೆಳಗಾವಿ ಬಸ್ಸು ಹೊರಡುವುದರಲ್ಲಿತ್ತು. ಯಾಕೆ ಹತ್ತಿದೆ ಎಂದು ಇಂದಿಗೂ ಹೇಳಲಾರೆ. ಕಂಡಕ್ಟರ್ ಕೇಳಿದಾಗ ಬಾಯಿಗೆ ಬಂದದ್ದು “ಯರಗಟ್ಟಿ”.

ಕಿಟಕಿಯಲ್ಲಿ ಹತ್ತಿಯ ಹೊಲ, ಜೋಳದ ಹೊಲ, ಮತ್ತೆ ಹತ್ತಿಯ ಹೊಲ. ಎಲ್ಲ ಹಿಂದೆ ಹಿಂದೆ ಹೋಗುತ್ತಿದ್ದವು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ಕೇಳಿದಳು: “ಯಾರ ಮಗಳವಾ ನೀ?”

“ನಮ್ಮವ್ವ ಸಾಲಿ ಕಲಸತಾಳ,” ಅಂದೆ. “ಗಣಿತ.”

“ಭಾಳ ಛಲೋ ಆತು,” ಎಂದು ಮುದುಕಿ ಒಂದು ಪೇರಲಹಣ್ಣು ಕೊಟ್ಟಳು. ಸುಳ್ಳಿಗೆ ಸಿಕ್ಕ ಹಣ್ಣು ಎಷ್ಟು ಸಿಹಿಯಾಗಿತ್ತು!

ಯರಗಟ್ಟಿಯ ಪೇಟೆಯಲ್ಲಿ ಯಾರಿಗೂ ನನ್ನ ಗುರುತಿರಲಿಲ್ಲ. “ಅವ್ವ ಹೆಂಗದಾಳ?” ಎಂದು ಕೇಳುವವರಿಲ್ಲ. ಗೋವಿನಜೋಳದ ಚೀಲಗಳ ನಡುವೆ, ಬಟ್ಟೆ ಅಂಗಡಿಗಳ ಮುಂದೆ ಸುಮ್ಮನೆ ನಡೆದೆ. ಇಲ್ಲಿಂದ ಇನ್ನೊಂದು ಬಸ್ಸು ಹತ್ತಿದರೆ ಬೆಳಗಾವಿ, ಅಲ್ಲಿಂದ ಇನ್ನೊಂದು. ಹೋಗಿಯೇ ಬಿಡಲೇ ಅನ್ನಿಸಿತು. ಅದು ಬರೀ ಅನ್ನಿಸಿಕೆಯಲ್ಲ; ನಾನು ಬೆಳಗಾವಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲು ಇಟ್ಟಿದ್ದೆ. ಹಿಂದಿನವರು “ಏರವಾ, ಇಲ್ಲಾ ಇಳಿ” ಅಂದರು. ಇಳಿದೆ. ಗುಡ್ಡದ ಬಸ್ಸು ಹೋಗಿಬಿಟ್ಟಿತ್ತು, ಮುಂದಿನದು ಬಹಳ ತಡ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಬಾಗಿಲ ಹೊರಗಿನಿಂದಲೇ ಒಂದು ಸದ್ದು ಕೇಳಿ ನಿಂತೆ. ಅವ್ವ ನಗುತ್ತಿದ್ದಳು. ಲಕ್ವಾ ಹೊಡೆದ ಮೇಲೆ ನಾನು ಆ ನಗುವನ್ನು ಕೇಳಿರಲಿಲ್ಲ.

ಒಳಗೆ ಒಲೆಯ ಮುಂದೆ ಅವ್ವ ಗೋಡೆಗೆ ಆತು ಕೂತಿದ್ದಳು. ಪಕ್ಕದಲ್ಲಿ ಅಕ್ಕೋರು. ನಡುವೆ ಹಿಟ್ಟು ನಾದುವ ಕೊಣಮಿಗೆ. ಅವ್ವನ ಎಡಗೈ, ಅಕ್ಕೋರ ಬಲಗೈ, ಎರಡೂ ಸೇರಿ ಒಂದು ರೊಟ್ಟಿ ಬಡಿಯುತ್ತಿದ್ದವು. ಒಂದು ಕೈ ಬೇಗ, ಇನ್ನೊಂದು ನಿಧಾನ. ರೊಟ್ಟಿ ಒಂದು ಕಡೆ ಹರಿದು, ಇನ್ನೊಂದು ಕಡೆ ದಪ್ಪನಾಗಿ, ಯಾವುದೋ ದೇಶದ ನಕಾಶೆಯಂತಾಗಿತ್ತು. ಇಬ್ಬರ ಮೂಗಿಗೂ ಹಿಟ್ಟು. ಅಕ್ಕೋರಿಗೆ ರೊಟ್ಟಿ ಬರುತ್ತಿರಲಿಲ್ಲ, ಅದಕ್ಕೇ ಅವ್ವನಿಗೆ ನಗು.

ನನಗೆ ಸಂತೋಷವಾಗಬೇಕಿತ್ತು. ಆದದ್ದು ಹೊಟ್ಟೆಕಿಚ್ಚು. ನಾನು ಇಷ್ಟು ತಿಂಗಳು ಮಾಡಿದ್ದಕ್ಕೆ ಒಂದು ನಗು ಸಿಕ್ಕಿರಲಿಲ್ಲ, ಇವರಿಗೆ ಹರಿದ ರೊಟ್ಟಿಗೇ ಸಿಕ್ಕಿತಲ್ಲ! ಅವ್ವ ನನ್ನನ್ನು ನೋಡಿ “ಬ್ಯಾಡ” ಅಂದಳು. ಯಾವ ‘ಬ್ಯಾಡ’ ಎಂದು ಮೊದಲ ಸಲ ನನಗೆ ತಿಳಿಯಲಿಲ್ಲ.

ಅಕ್ಕೋರು ಎಲ್ಲಿಗೆ ಹೋಗಿದ್ದಿ ಎಂದು ಕೇಳಲಿಲ್ಲ. ರೊಟ್ಟಿ ಹಾಕಿ ಕೊಟ್ಟರು. ಆಮೇಲೆ ಅವರನ್ನು ಬಸ್ಸಿಗೆ ಬಿಡಲು ಹೋಗುವಾಗ ನಾನೇ ಎಲ್ಲ ಹೇಳಿಬಿಟ್ಟೆ. ಮುದುಕಿಗೆ ಹೇಳಿದ ಸುಳ್ಳನ್ನೂ, ಮೆಟ್ಟಿಲ ಮೇಲಿಟ್ಟ ಕಾಲನ್ನೂ.

“ನಾನೂ ಒಮ್ಮೆ ತಮ್ಮನ್ನ ಬಿಟ್ಟು ಮುಧೋಳತನಕ ಹೋಗಿದ್ದೆ,” ಅಂದರು ಅವರು. “ತಿರುಗಿ ಬಂದೆ. ನಿಮ್ಮವ್ವಂದೂ ಒಂದು ಮಾತ ಹೇಳ್ತೇನಿ ಕೇಳು. ನೀ ಮುಂದ ಇದ್ರ ಆಕಿ ಕೈ ಎತ್ತೂದಿಲ್ಲ. ಎತ್ತೂದರಾಗ ನೀ ಮಾಡಿ ಮುಗಿಸಿರತಿ. ನೀ ಹೊರಗ ಹೋದಕೂಡ್ಲೆ ಎದ್ದು ಕುಂದರತಾಳ. ಬೀಳತಾಳ, ಚೆಲ್ಲತಾಳ, ಮತ್ತ ಮಾಡತಾಳ. ತಪ್ಪ ಮಾಡಾಕ ಆಕಿಗೂ ಒಂದ ಜಾಗಾ ಬೇಕಲ್ಲವಾ? ಮೊದಲನೇ ದಿನ ಬ್ಯಾಡ ಬ್ಯಾಡ ಅಂದಳಲ್ಲ, ಅದು ನನಗ ಅಂದಿದ್ದಲ್ಲ. ನಿನಗ ಅಂದಿದ್ದು. ಇಲ್ಲೇ ಕುಂದರಬ್ಯಾಡ ಅಂತ.”

ಬಸ್ಸು ಬಂತು, ಅವರು ಹತ್ತಿ ಹೋದರು. ನಾನು ರಸ್ತೆಯಲ್ಲಿ ನಿಂತು ಅತ್ತೆ. ಎರಡು ತಾಸು ಸಿಕ್ಕದ್ದು ನನಗೊಬ್ಬಳಿಗೇ ಎಂದುಕೊಂಡಿದ್ದೆನಲ್ಲ.

ಮುಂದಿನ ವಾರ ಅವರು ಅಪ್ಪನನ್ನು ಅಂಗಡಿಯಲ್ಲೇ ಹೋಗಿ ಕಂಡರು. ಅಪ್ಪ ಕಾಯಿ ಚೀಲದ ಮೇಲೆ ಅವರಿಗೆ ಜಾಗ ಮಾಡಿಕೊಟ್ಟು, “ಕುಂದರ್ರಿ ಅಕ್ಕೋರ,” ಅಂದ. ಎಲ್ಲ ಕೇಳಿ, “ನನಗ ಹೊಳೀಲೇ ಇಲ್ರಿ. ಮಗಳು ಒಂದ ದಿನಾನೂ ಆಗೂದಿಲ್ಲ ಅನ್ನಲಿಲ್ಲ,” ಎಂದು ಭಂಡಾರದ ಕೈಯಿಂದಲೇ ಕಣ್ಣೊರೆಸಿಕೊಂಡ. ಅಂದಿನಿಂದ ಶುಕ್ರವಾರ ಅಂಗಡಿಯನ್ನು ತಡವಾಗಿ ತೆರೆಯತೊಡಗಿದ. ಮಂಗಳವಾರ ಚಾಚಿ ತಾವಾಗಿಯೇ ಒಪ್ಪಿಕೊಂಡರು: “ಮೊದಲ ಹೇಳೂದಲ್ಲೇನ ಬೇಟಿ? ಕೇಳಿದ್ರ ನಿಮಗ ಬ್ಯಾಸರ ಆದೀತಂತ ನಾನೂ ಸುಮ್ನಿದ್ದೆ.” ಹುಣ್ಣಿಮೆಗಳು ಮಾತ್ರ ನನಗೇ ಉಳಿದವು. ಅಷ್ಟು ನಡೆಯುತ್ತಿತ್ತು.

ಹತ್ತನೆಯ ತರಗತಿ ದಾಟಿದೆ. ಗಣಿತದಲ್ಲಿ ಅಂಥ ಅಂಕವೇನೂ ಬರಲಿಲ್ಲ. ಅವ್ವ ಕೋಲು ಹಿಡಿದು ಅಂಗಳದವರೆಗೆ ನಡೆಯಲು ಕಲಿತಳು. ಮಾತುಗಳು ಒಂದೊಂದಾಗಿ, ಮಳೆ ನಿಂತ ಮೇಲೆ ಹೊರಬರುವ ಹಕ್ಕಿಗಳಂತೆ ಬಂದವು, ಎಲ್ಲವೂ ಬರಲಿಲ್ಲ. ಅಕ್ಕೋರು ಮತ್ತೆ ರಾಮದುರ್ಗಕ್ಕೆ ವರ್ಗವಾಗಿ ಹೋದರು, ಈಗ ನಿವೃತ್ತರು. ಫೋನಿನಲ್ಲಿ ಅವ್ವ ಅವರೊಡನೆ ಮಾತಾಡುವಾಗ ನಾನು ಹೊರಗೆ ಹೋಗಿ ನಿಲ್ಲುತ್ತೇನೆ.

ಈಗ ನಾನು ಬೈಲಹೊಂಗಲದಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ಕೈಲಾಗದವರನ್ನು ನೋಡಿಕೊಳ್ಳುವ ಮಕ್ಕಳು ಯಾರು ಎಂದು ಒಮ್ಮೆ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಮೇಲೇಳಲಿಲ್ಲ. ಅವರಿಗೆ ಅದು ಒಂದು ಕೆಲಸವೆಂದೇ ಗೊತ್ತಿಲ್ಲ. ‘ಬೆಳಿಗ್ಗೆ ಎದ್ದು ಸಾಲೆಗೆ ಬರುವತನಕ’ ಎಂದು ಪ್ರಬಂಧ ಬರೆಸಿದೆ. ಆಗ ಸಿಕ್ಕರು, ಐದು ಮಂದಿ. ಅಣ್ಣನ ಗಾಲಿಕುರ್ಚಿ ತಳ್ಳುವವಳು, ಕಣ್ಣಿಲ್ಲದ ಅಜ್ಜನಿಗೆ ಉಣಿಸುವವಳು. ಅವರ ಮನೆಗಳಿಗೆ ಹೋಗಿ ಅಕ್ಕಪಕ್ಕದವರನ್ನು, ಚಿಕ್ಕಮ್ಮ ದೊಡ್ಡಮ್ಮಂದಿರನ್ನು ಒಪ್ಪಿಸಿದೆ. ಕೆಲವರು ಬೈದರು, ಒಬ್ಬರು ಬಾಗಿಲು ಹಾಕಿಕೊಂಡರು. ಮೂರನೆಯ ಸಲ ತೆರೆದರು.

ಕಳೆದ ಚಳಿಗಾಲದಲ್ಲಿ ಆ ಐವರನ್ನೂ ಕಿತ್ತೂರಿಗೆ ಕರೆದುಕೊಂಡು ಹೋಗಿದ್ದೆ. ಕೋಟೆಯ ಪಾಠ ಹೇಳಬೇಕೆಂದು ತಯಾರಾಗಿದ್ದೆ, ಹೇಳಲಿಲ್ಲ. ಬಿದ್ದ ಗೋಡೆಗಳ ನಡುವಿನ ಹುಲ್ಲಿನ ಮೇಲೆ ಮಕ್ಕಳು ಹಾಗೇ ಅಡ್ಡಾದರು. ಇಬ್ಬರಿಗೆ ನಿದ್ದೆ ಹತ್ತಿತು. ಗಾಲಿಕುರ್ಚಿ ತಳ್ಳುವ ಹುಡುಗಿ ಮಾತ್ರ ಅಂಗಾತ ಮಲಗಿ ಮೋಡ ನೋಡುತ್ತಿದ್ದಳು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದೆ.

“ಅಕ್ಕೋರ,” ಅಂದಳು ಅವಳು, ಕಣ್ಣು ಕೀಳದೆ. “ಅಣ್ಣನ ಹತ್ರ ನಮ್ಮ ಚಿಗವ್ವ ಸಂಜೀತನಕ ಇರತಾಳ್ರಿ. ಇನ್ನೊಂದೀಟ ಇರೂಣಲ್ರಿ?”

ನಾನು ಮತ್ತೆ ಕೂತೆ.