ರೋಸಮ್ಮತ್ತೆಯ ಗಂಟಲು

ಮೊನ್ನೆ ಶನಿವಾರ ಹಾಸನದ ಮಾರ್ಕೆಟ್ಟಿನಲ್ಲಿ ಬದನೆಕಾಯಿ ಆರಿಸುತ್ತಿದ್ದವನಿಗೆ ಹಿಂದಿನಿಂದ ಹೊಸ ಹುಣಿಸೆಹಣ್ಣಿನ ವಾಸನೆ ಬಂತು. ತಿರುಗಿ ನೋಡಿದರೆ ಸಾಲಗಾಮೆ ಕಡೆಯ ಹೆಂಗಸೊಬ್ಬಳು ಬೀಜ ತೆಗೆದ ಹಣ್ಣನ್ನು ಉಂಡೆ ಕಟ್ಟಿ ಗೋಣಿತಾಟಿನ ಮೇಲೆ ಇಟ್ಟುಕೊಂಡು ಕೂತಿದ್ದಳು. ಹುಣಿಸೆ ಕಂಡರೆ ನಿಮಗೆ ಬಾಯಲ್ಲಿ ನೀರೂರಬಹುದು. ನನಗೆ ಮೊದಲು ಕಿವಿಯಲ್ಲಿ ಹಾಡು ಕೇಳಿಸುತ್ತದೆ. ನಗಬೇಡಿ, ಅದಕ್ಕೆ ಕಾರಣ ನನ್ನ ಸೋದರತ್ತೆ ರೋಸಮ್ಮ.

ಅತ್ತೆಯ ಮನೆ ಇರುವುದು ಹೊಳೆನರಸೀಪುರದಲ್ಲಿ. ಹೈಸ್ಕೂಲು ಓದಲು ನನ್ನನ್ನು ಅಲ್ಲೇ ಬಿಟ್ಟಿದ್ದರು. ಬೆರಳೆಣಿಕೆಯ ಕ್ರೈಸ್ತರ ಮನೆಗಳು, ಹೆಂಚಿನ ಮಾಡಿನ ಪುಟ್ಟ ಚರ್ಚು. ಅಲ್ಲಿ ಹಾಡು ಎಂದರೆ ಅತ್ತೆ. ಅವಳ ದನಿ ಹೇಗಿತ್ತೆಂದು ಹೇಳಲು ಹೋಗಿ ಎಷ್ಟೋ ಸಲ ಸೋತಿದ್ದೇನೆ. ಬೆಳಗಿನ ಪೂಜೆಗೆ ಬಾಗಿಲು ತೆರೆದೇ ಇರುತ್ತಿತ್ತು. ಹೇಮಾವತಿಯ ಮೇಲಿಂದ ಮಂಜು ಮೆಲ್ಲಗೆ ಅಂಗಳಕ್ಕೆ ಬಂದಿರುತ್ತಿತ್ತು. ಅತ್ತೆ ಬಾಯಿ ತೆರೆದರೆ ಅದು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತದೆ ಎಂದು ನಾನು ನಂಬಿದ್ದೆ. ಈಗಲೂ ಪೂರ್ತಿ ಬಿಟ್ಟಿಲ್ಲ ಆ ನಂಬಿಕೆಯನ್ನು. ಸೊಪ್ಪು ಮಾರುವ ಶಿವಮ್ಮ ಬುಟ್ಟಿ ಇಳಿಸಿ ಕಾಂಪೌಂಡಿನಾಚೆ ನಿಂತು ಕೇಳಿ, ಆಮೇಲೆ ಒಂದು ಕಟ್ಟು ಕೊತ್ತಂಬರಿಯನ್ನು ಪುಕ್ಕಟೆ ಕೊಡುತ್ತಿದ್ದಳು.

ತನ್ನ ದನಿ ಚೆನ್ನಾಗಿದೆಯೆಂದು ಅತ್ತೆಗೆ ಗೊತ್ತಿತ್ತು. ತೊಂದರೆ ಅಲ್ಲೇ. ಯಾರಾದರೂ ಹೊಗಳಿದ ಭಾನುವಾರ ಸಾರಿಗೆ ಉಪ್ಪು ಹದವಾಗಿ ಬೀಳುತ್ತಿತ್ತು. ಯಾರೂ ಮಾತೆತ್ತದಿದ್ದರೆ ನಮ್ಮೆಲ್ಲರ ಗ್ರಹಚಾರ. ಇದನ್ನು ಅವಳೂ ಬಲ್ಲಳು. ರಾಗಿ ಬೀಸಿದ ಹಿಟ್ಟು ಜರಡಿ ಹಿಡಿಯುತ್ತಾ ಒಮ್ಮೆ ಹೇಳಿದಳು: "ದೇವ್ರಿಗೆ ಅಂತ ಬಾಯಿ ತೆಗೀತೀನಿ, ಎಲ್ಡನೇ ಸಾಲಿಗೇ ಜನದ ಮಕ ನೋಡ್ತೀನಿ ಕಣ್ಲಾ. ಒಂದು ಹಾಡಾದ್ರೂ ಅವ್ನಿಗೆ ಮುಟ್ಟೈತೋ ಇಲ್ವೋ!" ಅವಳಿಗೆ ನಿಜಕ್ಕೂ ಭಯವಿತ್ತು.

ಪಾಪನಿವೇದನೆ ಗುರುಗಳ ಕಿವಿಗೆ ಮಾತ್ರ ಹೇಳುವ ಗುಟ್ಟು. ಆದರೆ ದೇವರು ಅತ್ತೆಗೆ ಕೊಟ್ಟ ಗಂಟಲಲ್ಲಿ ಪಿಸುಮಾತು ಎಂಬುದೇ ಇರಲಿಲ್ಲ. "ಓದ ವಾರದ್ದೇ ಸ್ವಾಮಿ, ಜಂಬ," ಎಂದು ಅವಳು ಶುರುಮಾಡಿದರೆ ಸಾಲಿನಲ್ಲಿದ್ದ ನಾವೆಲ್ಲ ಸೂರು ನೋಡುತ್ತಾ ನಿಲ್ಲುತ್ತಿದ್ದೆವು.

ಒಂದು ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಅವಳು ಉಪಾಯ ಹೂಡಿದಳು. ಅದು ಹುಣಿಸೆ ಕುಟ್ಟುವ ಕಾಲವೂ ಹೌದು. ಪೂಜೆಗೆ ಒಂದು ಗಂಟೆ ಮುಂಚಿನಿಂದ ಏನೂ ತಿನ್ನಬಾರದೆಂಬ ಉಪವಾಸ ಕೆಡದಿರಲೆಂದು ಕೋಳಿ ಕೂಗುವ ಹೊತ್ತಿಗೇ ಎದ್ದು, ನಿಂಬೆಗಾತ್ರದ ಹೊಸ ಹುಣಿಸೆಯನ್ನು ಉಪ್ಪಿನೊಂದಿಗೆ ಚೀಪಿ ಮುಗಿಸಿದಳು. ಗಂಟಲು ಕೆಟ್ಟರೆ ಹೊಗಳಿಕೆ ತಪ್ಪುತ್ತದೆ, ಹೊಗಳಿಕೆ ತಪ್ಪಿದರೆ ಪಾಪ ತಪ್ಪುತ್ತದೆ ಎಂಬ ಲೆಕ್ಕಾಚಾರ. ಗಂಟಲು ಕೆಟ್ಟಿತು. ಆದರೆ ಆ ಒಡಕು ದನಿ ಜನರ ಎದೆಯನ್ನೇ ಹಿಂಡಿಬಿಟ್ಟಿತು. ಎಂದೂ ಹೊಗಳದವರೂ ಹೊಗಳಿದರು.

"ಅಷ್ಟೇ ಆಗಿದ್ರೆ ಸಯ್ಸ್ಕೋತಿದ್ದೆ," ಎಂದಳು ಮನೆಗೆ ಬಂದು. "ದಾರೀಲಿ ಬತ್ತಾ, ನನ್ನಂಗೆ ದೊಡ್ಡಸ್ತಿಕೆ ಬುಟ್ಟೋರು ಈ ಊರಲ್ಲಿ ಯಾರವ್ರೆ ಅಂತ ಅನ್ನುಸ್ಬುಡ್ತು ಕಣ್ಲಾ!" ಹೇಳಿ ನಕ್ಕಳು. ನಗುತ್ತಲೇ ಕಣ್ಣು ತುಂಬಿಕೊಂಡಿತು.

ಆಮೇಲೆ ಅವಳು ಹಾಡುವುದನ್ನೇ ಬಿಟ್ಟಳು. ಹಿಂದಿನ ಸಾಲಿನಲ್ಲಿ ತುಟಿ ಬಿಗಿದು ಕೂತಳು. ಮದುವೆ ಮುಗಿದ ಮನೆಯ ಹಾಗಾಯಿತು ಚರ್ಚು. ನಮ್ಮ ಗುರುಗಳು ಮೆದು ಮಾತಿನ ಮುದುಕರು. ಮುಂದಿನ ನಿವೇದನೆಯಲ್ಲಿ ಅವರು ಕೇಳಿದ್ದು ನನಗೂ ಕೇಳಿಸಿತು, ಅವರಿಗೆ ಕಿವಿ ಮಂದವಾದ್ದರಿಂದ ಅವರ ಪಿಸುಮಾತೂ ಜೋರೇ.

"ಹಾಡಬೇಡ ಅಂತ ದೇವರು ಹೇಳಿದ್ನೋ, ನೀವೇ ಹೇಳ್ಕೊಂಡ್ರೋ?"

"ನಾನೇ ಸ್ವಾಮಿ."

"ಹಾಗಾದ್ರೆ ಈಗ ನಾನು ಹೇಳ್ತೀನಿ. ಶುಭ ಶುಕ್ರವಾರದಿಂದ ನೀವು ಹಾಡ್ಬೇಕು. ಯಾರಾದ್ರೂ ಹೊಗಳಿದ್ರೆ 'ದೇವರಿಗೆ ಸ್ತೋತ್ರ' ಅಂದು ಮನೆ ದಾರಿ ಹಿಡೀರಿ. ಅದೇ ನಿಮ್ಮ ಪ್ರಾಯಶ್ಚಿತ್ತ."

ಹೊರಬಂದ ಅತ್ತೆಯ ಮುಖ ಬಾಡಿತ್ತು. "ಉಪ್ವಾಸ ಬೀಳು ಅಂದಿದ್ರೆ ಬೀಳ್ತಿದ್ದೆ. ಮಂಡಿ ಊರ್ಕೊಂಡು ಅರಕಲಗೂಡಿಗೆ ಓಗು ಅಂದಿದ್ರೂ ಓಯ್ತಿದ್ದೆ. ಹಾಡು ಅಂದ್ಬುಟ್ರಲ್ಲಾ!"

ಶುಭ ಶುಕ್ರವಾರ ಶಿಲುಬೆಯ ಬುಡದಲ್ಲಿ ನಿಂತು ಹಾಡಿದಳು. ಗಾಜಿನ ಹೆಂಚಿನಿಂದ ಇಳಿದ ಬಿಸಿಲು ಅವಳ ಸೆರಗಿನ ಮೇಲೆ ಬಿದ್ದಿತ್ತು. ಮೂರನೆಯ ಚರಣದ ನಡುವೆ ದನಿ ಥಟ್ಟನೆ ನಿಂತಿತು. ಅವಳು ಕಣ್ಣೊರೆಸಿಕೊಂಡು, ನಿಲ್ಲಿಸಿದ ಮಾತಿನಿಂದಲೇ ಮತ್ತೆ ಎತ್ತಿಕೊಂಡಳು. ತನ್ನ ಹಾಡನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದುದು ಅವಳ ಅರಿವಿಗೆ ಬಂದುಬಿಟ್ಟಿತ್ತು. ನಾನೊಬ್ಬನೇ ಅದನ್ನು ಬಲ್ಲೆ. ಹೊರಗೆ ಮೇಷ್ಟರೊಬ್ಬರು ಕೈಮುಗಿದು, "ನಡುವೆ ನಿಲ್ಲಿಸಿದ್ರಲ್ಲಾ ರೋಸಮ್ಮನೋರೆ, ಅದು ಎಲ್ಲಕ್ಕಿಂತ ಚೆನ್ನಾಗಿತ್ತು," ಅಂದುಬಿಡಬೇಕೆ! ಅತ್ತೆ ಹೇಳಬೇಕಾದ್ದನ್ನು ಹೇಳಿ, ನನ್ನ ಕೈ ಹಿಡಿದು ಹೆಚ್ಚುಕಡಿಮೆ ಓಡಿದಳು.

ಇದೆಲ್ಲ ನೆನಪಾದ ಮೇಲೆ ಸುಮ್ಮನಿರಲಾದೀತೇ? ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೇ ಹೊಳೆನರಸೀಪುರಕ್ಕೆ ಹೋದೆ. ಅತ್ತೆ ಈಗ ಮಗಳ ಸಂಸಾರದೊಂದಿಗೆ ಇದ್ದಾಳೆ. ಗಂಟಲಿನ ಆಪರೇಷನ್ ಆದಮೇಲೆ ದನಿ ಹೋಗಿದೆ. ಮಾತನಾಡಿದರೆ ಒಣಗಿದ ಎಲೆ ತುಳಿದ ಸದ್ದು. ಚರ್ಚಿನ ದಾರಿಯಲ್ಲಿ, ಇನ್ನಾದರೂ ಜಂಬ ಹೋಗಿರಬೇಕಲ್ಲ ಅತ್ತೆ ಎಂದು ಛೇಡಿಸಿದೆ.

"ಎಲ್ಲೋಯ್ತದೆ? ಈಗ ಹಾಡೋ ಹುಡ್ಗಿ ಶ್ರುತಿ ತಪ್ಪುದ್ರೆ ಒಳ್ಗೊಳ್ಗೇ ಕುಸಿ ಆಯ್ತದೆ. ಅದ್ನೂ ಓಗಿ ಹೇಳ್ಕೋತೀನಿ."

"ಮತ್ತೆ ಈ ಗಂಟಲಲ್ಲೂ ಹಾಡ್ತೀಯಂತೆ?"

"ಹಾಡು ಅಂದ ಸ್ವಾಮ್ಗೋಳು ತೀರ್ಕೊಂಡ್ರು. ಸಾಕು ಬುಡು ಅಂತ ಯಾರೂ ಹೇಳಿಲ್ವಲ್ಲ."

ಪೂಜೆಯಲ್ಲಿ ಹಾಡಿದಳು. ದನಿ ಮೇಲಕ್ಕೆ ಹತ್ತಲಿಲ್ಲ, ಮುರಿಯಿತು, ಮತ್ತೆ ಹತ್ತಲು ಹೋಯಿತು. ಮುಂದಿನ ಸಾಲಿನ ಮಗುವೊಂದು ತಿರುಗಿ ಕಿಸಕ್ಕನೆ ನಕ್ಕಿತು. ಅತ್ತೆ ನಿಲ್ಲಿಸಲಿಲ್ಲ. ಅವಳು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಅಳುತ್ತಿದ್ದೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಪಾಪವನ್ನು ಗೆದ್ದವರೇ ದೊಡ್ಡವರೆಂದು ತಿಳಿದಿದ್ದೆ. ಸೋಲುತ್ತಲೇ, ಗುರುಗಳು ಹೇಳಿದ ಮಾತು ನಡೆಸಿಕೊಂಡು ಬಂದವಳು ನನ್ನ ಮುಂದೆ ನಿಂತಿದ್ದಳು.

ಪೂಜೆ ಮುಗಿದು ಜನ ನಮ್ಮನ್ನು ದಾಟಿಕೊಂಡು ಹೋದರು. ಯಾರೂ ಏನೂ ಹೇಳಲಿಲ್ಲ. ಅಂಗಳ ಬರಿದಾದ ಮೇಲೆ ನಾನು ಅಂದೆ, "ಚೆನ್ನಾಗಿತ್ತು ಅತ್ತೆ."

"ದೇವ್ರಿಗೆ ಸ್ತೋತ್ರ," ಎಂದವಳೇ ಮನೆಯ ದಾರಿ ಹಿಡಿದಳು. ಗೇಟಿನವರೆಗೆ ನೆಟ್ಟಗೆ ನಡೆದಳು. ಅಲ್ಲಿ ನಿಂತು, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು, ನನ್ನ ಕಿವಿಯ ಹತ್ತಿರ ಬಂದಳು.

"ನಿಜ್ವಾಗ್ಲೂ ಚೆಂದಾಗಿತ್ತೇನ್ಲಾ?"